ವೀಸದಲ್ಲಿ ಎಣಿಸಿ: ಪುಟ್ಟ ಚಿಪ್‌ನಲ್ಲಿ ಭಿನ್ನರಾಶಿಯ ಲೆಕ್ಕ

ಶಿಡ್ಲಘಟ್ಟದ ಹತ್ತಿರ ನಮ್ಮಣ್ಣ ರೇಷ್ಮೆ ಬೆಳೆಯುತ್ತಾನೆ. ಅವನ ಹುಳದ ಮನೆಯ ಬಿಸಿ ಕಾಯಲು ನಾನೊಂದು ಪೆಟ್ಟಿಗೆ ಮಾಡಿಕೊಟ್ಟಿದ್ದೇನೆ. ಆರ್ಡುಯಿನೋ ಯುನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್, ಹೀಟರಿಗೊಂದು ರಿಲೇ (ಬೋರ್ಡು ಹಾಕಿ ಆರಿಸುವ ಸ್ವಿಚ್ಚು). ಚಾಕಿ ಹುಳಕ್ಕೆ (ಎಳೆಯ ಹುಳಕ್ಕೆ) 27 ಡಿಗ್ರಿ ಆಸುಪಾಸು ಬೇಕು, ದೊಡ್ಡ ಹುಳಕ್ಕೆ 24–25 ಸಾಕು. ಇಷ್ಟು ಕಡಿಮೆ ಅಂತರ ಇರುವಾಗ ಅರ್ಧ ಡಿಗ್ರಿಗೂ ಬೆಲೆ ಇದೆ.

ನನ್ನ ಯುನೋದಲ್ಲಿರುವ ಎಟಿಮೆಗಾ328ಪಿ 8 ಬಿಟ್ ಚಿಪ್, ಅಂದರೆ ಒಂದು ಸಲಕ್ಕೆ 0–1ರ ಎಂಟು ಅಂಕಿಗಳನ್ನಷ್ಟೇ ಹಿಡಿಯುತ್ತದೆ. ಪಾಯಿಂಟ್ ಇರುವ ಸಂಖ್ಯೆಗೆ ಅದರಲ್ಲಿ ಹಾರ್ಡ್‌ವೇರ್ ಇಲ್ಲ, ಭಾಗಾಕಾರಕ್ಕೂ ಇಲ್ಲ. 8 ಬಿಟ್‌ನ ಎರಡು ಸಂಖ್ಯೆಗಳನ್ನು ಮಾತ್ರ 2 ಕ್ಲಾಕ್‌ನಲ್ಲಿ (ಚಿಪ್‌ನ ಎರಡು ಬಡಿತದಲ್ಲಿ) ಗುಣಿಸಿಬಿಡುತ್ತದೆ. ನೀವು ಪ್ರೋಗ್ರಾಮಿನಲ್ಲಿ ಫ್ಲೋಟ್ (ಪಾಯಿಂಟ್ ಇರುವ ಸಂಖ್ಯೆ) ಅಂತ ಬರೆದರೆ ಎಲ್ಲ ಕೆಲಸವೂ ಸಾಫ್ಟ್‌ವೇರ್ ತಲೆ ಮೇಲೆ ಬೀಳುತ್ತದೆ. ಒಂದು ಭಾಗಾಕಾರಕ್ಕೆ ನೂರಾರು ಕ್ಲಾಕ್ ಹೋಗುತ್ತದೆ.

ನಮ್ಮಜ್ಜಿ ಕಾಲು, ಅರೆ, ಮುಕ್ಕಾಲು, ವೀಸ ಅಂತ ಲೆಕ್ಕ ಹಾಕುತ್ತಿದ್ದರು. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು. 1957ರಲ್ಲಿ ನಯಾಪೈಸೆ ಬರುವವರೆಗೆ ರೂಪಾಯಿಗೂ ಹದಿನಾರೇ ಆಣೆ. ಇವೆಲ್ಲ ಅರ್ಧದ ಅರ್ಧ ಮಾಡುತ್ತಾ ಬಂದ ಪಾಲುಗಳು, ಹಾಗಾಗಿ ಬೈನರಿಯಲ್ಲಿ (0–1ರ ಲೆಕ್ಕದಲ್ಲಿ) ಸರಿಯಾಗಿ ಕೂರುತ್ತವೆ. ಹತ್ತರಲ್ಲಿ ಒಂದು ಪಾಲು ಕೂರುವುದಿಲ್ಲ, ಎಷ್ಟು ಬಿಟ್ ಕೊಟ್ಟರೂ ಮುಗಿಯದೆ ಹೋಗುತ್ತಲೇ ಇರುತ್ತದೆ. ಈ ಸೆನ್ಸರ್ ಕೂಡ 12 ಬಿಟ್ ಮೋಡಿನಲ್ಲಿ ವೀಸದಲ್ಲೇ ಉತ್ತರ ಕೊಡುತ್ತದೆ! 401 ಅಂತ ಬಂದರೆ 401 ವೀಸ, ಅಂದರೆ 25.0625 ಡಿಗ್ರಿ. ಅದನ್ನು ಫ್ಲೋಟ್ ಮಾಡಬೇಡಿ. ವೀಸದಲ್ಲೇ ಇಟ್ಟುಕೊಳ್ಳಿ.

ಹೋಲಿಕೆ ಸುಲಭ. 26.5 ಅಂದರೆ 424, 27 ಅಂದರೆ 432. ಓದಿದ್ದು 424ಕ್ಕಿಂತ ಕೆಳಗೆ ಹೋದರೆ ಹೀಟರ್ ಹಚ್ಚಿ, 432 ಮುಟ್ಟಿದರೆ ಆರಿಸಿ.

ಒಂದೊಂದು ಓದನ್ನೇ ನಂಬದೆ ನಾನು ಸರಾಸರಿ ತೆಗೆದು ಹೋಲಿಸುತ್ತೇನೆ. ಎಚ್ಚರ ಬೇಕಾದದ್ದು ಆ ಸರಾಸರಿಯಲ್ಲಿ. ನಾನು ಮೊದಲು ಬರೆದದ್ದು ಹೀಗೆ:

ಸರಾಸರಿ = ಸರಾಸರಿ + ((ಹೊಸದು − ಸರಾಸರಿ) >> 3)

ಕೊನೆಯ ಜೋಡಿ ಬಾಣ ಅಂದರೆ ಬಿಟ್‌ಗಳನ್ನು ಬಲಕ್ಕೆ ಸರಿಸುವುದು. 3 ಮನೆ ಸರಿಸುವುದು ಅಂದರೆ 8ರಿಂದ ಭಾಗಿಸುವುದು. ನೋಡಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ವ್ಯತ್ಯಾಸ 7 ವೀಸಕ್ಕೆ ಇಳಿದ ಮೇಲೆ ಭಾಗಿಸಿದರೆ ಸೊನ್ನೆ ಬರುತ್ತದೆ. ಸರಾಸರಿ ಅಲ್ಲೇ ನಿಂತುಬಿಡುತ್ತದೆ. ಮನೆ 27 ಡಿಗ್ರಿ ತಲುಪಿದ್ದರೂ ಪೆಟ್ಟಿಗೆ 425ರಲ್ಲೇ, ಅಂದರೆ 26.5625ರಲ್ಲೇ ಇತ್ತು. ಹೀಟರ್ ಉರಿಯುತ್ತಲೇ ಇತ್ತು. ಅಣ್ಣ ಗೋಡೆಯ ಥರ್ಮಾಮೀಟರ್ ನೋಡಿ ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು. ಎರಡು ದಿನ ಸೆನ್ಸರ್‌ನದೇ ತಪ್ಪು ಅಂದುಕೊಂಡಿದ್ದೆ.

ಪರಿಹಾರ ಇಷ್ಟೇ: ಭಾಗಿಸಿದಾಗ ಉಳಿಯುವ ಚೂರನ್ನು ಎಸೆಯಬೇಡಿ. ಸರಾಸರಿಯ ಎಂಟು ಪಟ್ಟನ್ನೇ ಮೊತ್ತ ಅಂತ ಇಟ್ಟುಕೊಳ್ಳಿ.

ಮೊತ್ತ = ಮೊತ್ತ + ಹೊಸದು − (ಮೊತ್ತ >> 3)

ಬೇಕಾದಾಗ ಮೊತ್ತ >> 3 ಓದಿದರೆ ಸರಾಸರಿ ಸಿಗುತ್ತದೆ. ಸೆನ್ಸರ್‌ನ ಗರಿಷ್ಠ 125 ಡಿಗ್ರಿಗೂ ಮೊತ್ತ 16000 ಆಸುಪಾಸು, 16 ಬಿಟ್‌ನ ಇಂಟ್‌ನಲ್ಲಿ (32767ರವರೆಗಿನ ಪೂರ್ಣಸಂಖ್ಯೆ ಇಡುವ ಜಾಗದಲ್ಲಿ) ಆರಾಮಾಗಿ ಹಿಡಿಯುತ್ತದೆ.

1.02ರಂಥ ಸಂಖ್ಯೆಯಿಂದ ಗುಣಿಸಬೇಕಾದರೆ 261ರಿಂದ ಗುಣಿಸಿ, 128 ಕೂಡಿಸಿ, 8 ಮನೆ ಸರಿಸಿ. 261/256 ಅಂದರೆ ಸುಮಾರು 1.02. 128 ಕೂಡಿಸುವುದು ಹತ್ತಿರದ ಪೂರ್ಣಸಂಖ್ಯೆಗೆ ತರಲು. 8 ಮನೆಯನ್ನೇ ಆರಿಸಲು ಕಾರಣ ಇದೆ. ಈ ಚಿಪ್ ಒಂದು ಸಲಕ್ಕೆ ಒಂದೇ ಮನೆ ಸರಿಸುತ್ತದೆ. 8 ಆದರೆ ಕೆಳಗಿನ ಬೈಟ್ (8 ಬಿಟ್) ಬಿಟ್ಟರೆ ಸಾಕು. ಆದರೆ 401 × 261 = 104661, ಇಂಟ್‌ನಲ್ಲಿ ಹಿಡಿಯುವುದಿಲ್ಲ. ಗುಣಿಸುವ ಮೊದಲೇ ಲಾಂಗ್ (32 ಬಿಟ್‌ನ ಪೂರ್ಣಸಂಖ್ಯೆ) ಮಾಡಿ.

ಪರದೆಗೆ ತೋರಿಸುವಾಗ ಮಾತ್ರ ಪಾಯಿಂಟ್ ಬೇಕು. ವೀಸವನ್ನು 4 ಮನೆ ಸರಿಸಿದರೆ ಪೂರ್ಣ ಡಿಗ್ರಿ. ಕೆಳಗಿನ 4 ಬಿಟ್ ತೆಗೆದು 10ರಿಂದ ಗುಣಿಸಿ, 8 ಕೂಡಿಸಿ, ಮತ್ತೆ 4 ಮನೆ ಸರಿಸಿದರೆ ಪಾಯಿಂಟ್ ನಂತರದ ಅಂಕಿ. 401ಕ್ಕೆ 25.1 ಬರಬೇಕು.

ಪವರ್ ಕೊಟ್ಟ ಕೂಡಲೇ, ಅಳೆಯುವ ಮೊದಲೇ ಓದಿದರೆ ಸೆನ್ಸರ್ 85 ಡಿಗ್ರಿ ಅನ್ನುತ್ತದೆ. ಮೊದಲ ಓದು ಬಿಟ್ಟು, ಎರಡನೆಯದನ್ನು 8ರಿಂದ ಗುಣಿಸಿ ಮೊತ್ತಕ್ಕೆ ಹಾಕಿ. ವಾಟರ್‌ಪ್ರೂಫ್ ಸೆನ್ಸರ್ ಆದರೆ ಐಸ್ ನೀರಲ್ಲಿಟ್ಟು ಸೊನ್ನೆ ಹತ್ತಿರ ಬರುತ್ತದಾ ನೋಡಿ. ಸೊನ್ನೆಗಿಂತ ಒಂದೆರಡು ವೀಸ ಕೆಳಗೆ ಹೋದರೆ ಪರದೆಯ ಲೆಕ್ಕ ತಪ್ಪುತ್ತದೆ. ಮೊದಲು ಮೈನಸ್ ಪಕ್ಕಕ್ಕಿಟ್ಟು, ಅಂಕಿ ಬಿಡಿಸಿದ ಮೇಲೆ ಮುಂದೆ ಹಚ್ಚಿ.