ಗಂಟಲಲ್ಲೂ ಕೀಲಿದೆ ಅಂತ ತಿಳಿದದ್ದು

ಬೆಳಿಗ್ಗೆ ಹಾಜರಿ ಕೂಗುವಾಗ ಹದಿನೈದನೇ ಹೆಸರಿಗೇ ಧ್ವನಿ ಒಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಷ್ಟೋ ವಾಸಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಗಂಟಲು ಕಟ್ಟುವುದು ಹೊಸದೇನಲ್ಲ. ಉಪ್ಪುನೀರು ಮುಕ್ಕಳಿಸಿ, ಶುಂಠಿ ಕಷಾಯ ಕುಡಿದು ಎರಡು ತಿಂಗಳು ತಳ್ಳಿದೆ. ಹತ್ತಿರದ ಕ್ಲಿನಿಕ್‌ನಲ್ಲಿ ಸೋಂಕು ಅಂತ ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಆಗಲೇ ನನಗೆ ರುಮಟಾಯ್ಡ್ ಸಂಧಿವಾತ, ಅಂದರೆ ಕೀಲುಗಳು ಊದಿ ಬಿಗಿಯುವ ಕಾಯಿಲೆ, ಶುರುವಾಗಿ ಒಂಬತ್ತು ವರ್ಷ. ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆರಳಿನ ಕಾಯಿಲೆಗೂ ಗಂಟಲಿಗೂ ಏನು ಸಂಬಂಧ ಅಂದುಕೊಂಡಿದ್ದೆ.

ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಡಬ್ಬಿಯ ಮುಚ್ಚಳ ತಿರುಗಿಸಲಾಗದಷ್ಟು ಬೆರಳು ಬಿಗಿದ ದಿನಗಳಲ್ಲೇ ಧ್ವನಿಯೂ ಗೊಗ್ಗರು. ಉಗುಳು ನುಂಗಿದರೆ ಏನೋ ಸಿಕ್ಕಿಕೊಂಡಂತೆ. ನೋವು ಬಲಗಿವಿಯವರೆಗೂ ಎಳೆಯುತ್ತಿತ್ತು. ಮೂರು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸಂಧಿವಾತದ ಡಾಕ್ಟರಿಗೆ ತೋರಿಸಿದೆ. ಅವತ್ತೇ ಇಎನ್‌ಟಿಗೆ ಕಳಿಸಿದರು.

ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ, "ಮೇಡಂ, ಈ... ಅನ್ನಿ" ಅಂದರು. ಪರದೆಯ ಮೇಲೆ ಎಡ ಧ್ವನಿತಂತು ಚಕ್ಕನೆ ನಡುವೆ ಬಂತು. ಬಲದ್ದು ತಡವಾಗಿ ಹೊರಟು ಅರ್ಧಕ್ಕೇ ನಿಂತಿತು, ಬುಡದಲ್ಲಿ ಕೆಂಪಗೆ ಊದಿತ್ತು. ಧ್ವನಿಪೆಟ್ಟಿಗೆಯ ಹಿಂಬದಿಯಲ್ಲಿ ಕ್ರೈಕೊಆರಿಟಿನಾಯ್ಡ್ ಅನ್ನುವ ಎರಡು ಪುಟ್ಟ ಕೀಲುಗಳಿವೆಯಂತೆ. ಮಾತಿಗೆ ತಂತುಗಳು ಕೂಡುವುದು, ಉಸಿರಿಗೆ ಬಿಚ್ಚಿಕೊಳ್ಳುವುದು ಅವುಗಳಿಂದಲೇ. ಬೆರಳಿನ ಕೀಲಿಗಿರುವಂಥದೇ ಒಳಪೊರೆ ಅವಕ್ಕೂ ಇರುವುದರಿಂದ ಅದೇ ಉರಿಯೂತ ಅಲ್ಲಿಗೂ ತಗಲುತ್ತದೆ.

ಸಂಧಿವಾತವನ್ನೇ ಹತೋಟಿಗೆ ತರಬೇಕಿತ್ತು. ಕೆಲವು ವಾರ ಸ್ಟಿರಾಯ್ಡ್ ಕೊಟ್ಟರು, ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ನನ್ನ ಪಾಲಿಗೆ ನಾನು ಹೆಡ್‌ಮಾಸ್ಟರನ್ನು ಕೇಳಿ ಮೊದಲ ಪೀರಿಯಡ್ ಬಿಡಿಸಿಕೊಂಡೆ, ಕುತ್ತಿಗೆಗೆ ಹಾಕುವ ಪುಟ್ಟ ಮೈಕ್ ಕೊಂಡೆ, ಪದ್ಯಗಳನ್ನು ಮಕ್ಕಳಿಂದಲೇ ಓದಿಸಿದೆ. ಪಿಸುಗುಟ್ಟುವುದೂ ಗಂಟಲಿಗೆ ಶ್ರಮವೇ ಅಂತ ಧ್ವನಿ ವ್ಯಾಯಾಮ ಕಲಿಸಿದವರು ಹೇಳಿದ ಮೇಲೆ ಅದನ್ನೂ ಬಿಟ್ಟೆ. ಮೂರು ತಿಂಗಳಲ್ಲಿ ಹಾಜರಿ ಪೂರ್ತಿ ಕೂಗುವಂತಾಯಿತು.

ನನ್ನದು ಒಂದೇ ಕಡೆಯದು. ಎರಡೂ ಕೀಲು ಬಿಗಿದರೆ ಉಸಿರಿನ ದಾರಿಯೇ ಕಿರಿದಾಗುತ್ತದೆ. ಸಂಧಿವಾತ ಇರುವವರಿಗೆ ಉಸಿರೆಳೆಯುವಾಗ ಸುಂಯ್ ಅಂತ ಸದ್ದು ಬಂದರೆ ದಯವಿಟ್ಟು ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕಳೆದ ವರ್ಷ ಪಿತ್ತಕೋಶದ ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ಇದನ್ನೆಲ್ಲ ನಾನಾಗಿಯೇ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕತ್ತಿನ ಎಕ್ಸ್‌ರೇ ಬರೆದುಕೊಟ್ಟು, ಸಣ್ಣ ಅಳತೆಯ ಉಸಿರುಕೊಳವೆ ತೆಗೆದಿಡಲು ಸಿಸ್ಟರ್‌ಗೆ ಹೇಳಿದರು.