ಮಿಲಿಟ್ರಿಯಿಂದ ಬಂದು ಲಾ ಮಾಡೋರಿಗೆ: ಕೋರ್ಟಲ್ಲಿ ಸೇವೆ ಹುಡುಕ್ಕೊಳೋದು ಹೇಗೆ

ಪೆನ್ಷನ್ ಆಗಿ ಊರಿಗೆ ಬಂದು ಲಾ ಓದಿರೋ ನಮ್ಮ ಹಾಸನದ ಹುಡುಗ್ರು ನನ್ನ ಹತ್ರ ಕೇಳೋದು ಒಂದೇ, ಅಣ್ಣಾ ಅಲ್ಲಿ ದೇಶಕ್ಕೆ ಅಂತ ನಿಂತಿದ್ವಿ, ಇಲ್ಲಿ ಚೆಕ್ ಬೌನ್ಸ್ ಕೇಸಿಗೆ ಡೇಟ್ ತಗೊಳಕ್ಕೆ ನಿಂತಿದೀವಿ, ಇದ್ರಲ್ಲಿ ಸೇವೆ ಎಲ್ಲಿದೆ ಅಂತ. ನಂಗೂ ಮೊದಲೆರಡು ವರ್ಷ ಹಂಗೇ ಅನ್ಸಿತ್ತು. 17 ವರ್ಷ ಸರ್ವಿಸ್ ಮಾಡಿ ಅರಕಲಗೂಡು ಕಡೆ ನಮ್ಮೂರಿಗೆ ಬಂದು, ಓದಿ, ಕರಿ ಕೋಟ್ ಹಾಕ್ಕೊಂಡ್ರೂ ಒಳಗೆ ಏನೋ ಖಾಲಿ. ಕೋಟ್ ಜೊತೆ ಆ ಭಾವನೆ ತಾನಾಗೇ ಬರಲ್ಲ, ನಾವೇ ಹೋಗಿ ಹುಡುಕ್ಬೇಕು. ನಾನು ಹೇಗೆ ಹುಡುಕ್ಕೊಂಡೆ ಅಂತ ಬರೀತಿದೀನಿ.

ಲಾ ಕಾಲೇಜಿಗೆ ಸೇರೋಕ್ಕಿಂತ ಮುಂಚೆನೇ ಒಂದು ಕೆಲಸ ಮಾಡಿ. ಕೋರ್ಟ್ ಹತ್ರ ಇರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗಿ ಪ್ಯಾರಾ ಲೀಗಲ್ ವಾಲಂಟಿಯರ್ ಆಗ್ಬೇಕು ಅಂತ ಕೇಳಿ. ಇದಕ್ಕೆ ಲಾ ಡಿಗ್ರಿ ಬೇಡ, ಟ್ರೈನಿಂಗ್ ಅವ್ರೇ ಕೊಡ್ತಾರೆ. ಹೆಂಗಸ್ರು, ಮಕ್ಕಳು, ಎಸ್‌ಸಿ ಎಸ್‌ಟಿಯವ್ರು, ಅಂಗವಿಕಲರು, ಜೈಲಲ್ಲಿರೋರು, ಇವ್ರಿಗೆಲ್ಲ ಆದಾಯ ಎಷ್ಟೇ ಇದ್ರೂ ಸರ್ಕಾರದ ಖರ್ಚಲ್ಲಿ ವಕೀಲ್ರು ಸಿಗ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ್ರೂ ಸಾಕು, ಆದ್ರೆ ಹಳ್ಳಿಯಲ್ಲಿ ಇದು ಗೊತ್ತಿರೋರು ಎಷ್ಟು ಜನ? ಆ ವಿಷ್ಯ ಮನೆಬಾಗಿಲಿಗೆ ಮುಟ್ಸೋದೇ ಮೊದಲ್ನೇ ಸೇವೆ. ಒಂದು ವರ್ಷ ಇದನ್ನ ಮಾಡಿ ನೋಡಿದ್ರೆ ಲಾ ನಿಮಗೆ ಆಗ್ಬರತ್ತಾ ಇಲ್ವಾ ಅಂತಾನೂ ತಿಳಿಯತ್ತೆ.

ಎರಡನೇದು, ನಿಮಗೆ ಗೊತ್ತಿರೋ ಕಡೆಯಿಂದ ಶುರು ಮಾಡಿ, ಅಂದ್ರೆ ನಮ್ಮ ಸೈನಿಕರ ಮನೆಗಳು. 2025ರ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸದ ದಿನ, ನಾಲ್ಸಾದವ್ರು, ಅಂದ್ರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದವ್ರು, ವೀರ್ ಪರಿವಾರ್ ಸಹಾಯತಾ ಯೋಜನಾ ಅಂತ ಶುರು ಮಾಡಿದಾರೆ, ಸೈನಿಕರ, ಮಾಜಿ ಸೈನಿಕರ ಕಲ್ಯಾಣ ನೋಡ್ಕೊಳೋ ಸೈನಿಕ ಬೋರ್ಡ್‌ಗಳಲ್ಲಿ ಕಾನೂನು ನೆರವಿನ ಕ್ಲಿನಿಕ್ ಇಡೋದು ಅದರ ಉದ್ದೇಶ. ನಮ್ಮಂಥವ್ರಿಗೆ ಅಂತಾನೇ ಮಾಡಿಟ್ಟ ಜಾಗ ಅದು.

ಅಲ್ಲಿ ಬರೋ ಕೇಸ್ ಎಂಥವು ಗೊತ್ತಾ? ಹುಡುಗ ಲಡಾಖ್‌ನಲ್ಲಿದಾನೆ, ಇಲ್ಲಿ ದಾಯಾದಿಗಳು ಪಾಲಿಗೆ ದಾವೆ ಹಾಕಿದಾರೆ, ಸಮನ್ಸ್ ಅಪ್ಪನ ಕೈಗೆ ಬಂದಿದೆ, ಅಪ್ಪ ಹೆದರ್ಕೊಂಡು ಬೀರುವಲ್ಲಿ ಇಟ್ಟಿದಾರೆ. 1925ರಲ್ಲೇ ಇಂಡಿಯನ್ ಸೋಲ್ಜರ್ಸ್ ಲಿಟಿಗೇಶನ್ ಆಕ್ಟ್ ಅಂತ ಬಂದಿದೆ ನೋಡಿ. ಸೈನಿಕ ವಿಶೇಷ ಪರಿಸ್ಥಿತಿಯಲ್ಲಿ ಡ್ಯೂಟಿಯಲ್ಲಿದ್ದು ಅವನ ಪರವಾಗಿ ಯಾರೂ ಹಾಜರಿಲ್ಲ ಅಂದ್ರೆ ಕೋರ್ಟ್ ಕೇಸ್‌ನ ತಡೆಹಿಡಿದು ಸೇನೆಗೆ ನೋಟಿಸ್ ಕಳಿಸ್ಬೇಕು, ಅವನ ಬೆನ್ನ ಹಿಂದೆ ಡಿಕ್ರಿ (ಕೋರ್ಟ್ ತೀರ್ಪಿನ ಆದೇಶ) ಆಗಿದ್ರೂ ಅದನ್ನ ರದ್ದು ಮಾಡಿ ಅಂತ ಕೇಳ್ಬೋದು. ಪೋಸ್ಟಿಂಗ್ ಅಂದ್ರೇನು, ಯೂನಿಟ್‌ಗೆ ಪತ್ರ ಯಾರ ಹೆಸರಿಗೆ ಬರೀಬೇಕು ಅನ್ನೋದು ನಿಮಗೆ ಬಾಯಿಪಾಠ, ಬೇರೆ ವಕೀಲ್ರಿಗೆ ಅದನ್ನ ತಿಳ್ಕೊಳೋದಕ್ಕೇ ಟೈಮ್ ಬೇಕು.

ಇನ್ನೊಂದು ಫ್ಯಾಮಿಲಿ ಪೆನ್ಷನ್. ಯಜಮಾನ್ರು ತೀರ್ಕೊಂಡಿರ್ತಾರೆ, ಮದುವೆ ಆದಾಗ ಅದನ್ನ ಸೇನೆ ದಾಖಲೆಗೆ ಸೇರ್ಸೋ ಪಾರ್ಟ್ ಟು ಆರ್ಡರ್ ಆಗೇ ಇರಲ್ಲ, ಇಲ್ಲಾ ಡಿಸ್ಚಾರ್ಜ್ ಬುಕ್ಕಲ್ಲಿ ಲಕ್ಷ್ಮಮ್ಮ, ಆಧಾರಲ್ಲಿ ಲಕ್ಷ್ಮಿ. ಇಷ್ಟಕ್ಕೆ ಪೆನ್ಷನ್ ನಿಂತಿರತ್ತೆ. ದೊಡ್ಡ ವಾದ ಏನೂ ಬೇಡ, ಅಫಿಡವಿಟ್ ಮಾಡ್ಸಿ, ಸೈನಿಕ ಕಲ್ಯಾಣ ಇಲಾಖೆ ಮೂಲಕ ಸೈನಿಕರ ದಾಖಲೆ ಇಡೋ ರೆಕಾರ್ಡ್ ಆಫೀಸಿಗೆ ಕಳಿಸಿ, ಉತ್ತರ ಬರೋವರೆಗೂ ಬೆನ್ನು ಹತ್ತಿದ್ರೆ ಸುಮಾರು ಕೇಸ್ ಅಲ್ಲೇ ಮುಗಿಯತ್ತೆ. ನಂಗೆ ಸೇವೆ ಅನ್ನೋ ಭಾವನೆ ವಾಪಸ್ ಬಂದಿದ್ದು ಇಂಥ ಕೇಸಲ್ಲೇ, ಕೋರ್ಟ್ ಹಾಲಲ್ಲಿ ಅಲ್ಲ.

ಓದಿನ ವಿಷ್ಯ ಬೇಗ ಹೇಳ್ಬಿಡ್ತೀನಿ. ಡಿಗ್ರಿ ಇದ್ರೆ ಮೂರು ವರ್ಷದ ಎಲ್‌ಎಲ್‌ಬಿ, ಕ್ಲಾಸಿಗೆ ಹೋಗ್ಲೇಬೇಕು, ಪೋಸ್ಟಲ್ಲಿ ಆಗಲ್ಲ. ಮಿಲಿಟ್ರಿಯವ್ರು ಕೊಟ್ಟ ಗ್ರ್ಯಾಜುಯೇಶನ್ ಸರ್ಟಿಫಿಕೇಟ್ ನಂಬ್ಕೊಂಡು ಫೀಸ್ ಕಟ್ಬೇಡಿ, ಅದು ನಡಿಯತ್ತಾ ಅಂತ ಯೂನಿವರ್ಸಿಟಿಯಿಂದ ಮೊದ್ಲು ಬರಹದಲ್ಲಿ ತಗೊಳಿ. ಬಾರ್ ಕೌನ್ಸಿಲ್‌ನಲ್ಲಿ ವಕೀಲರಾಗಿ ಹೆಸರು ನೋಂದಾಯಿಸೋ ಎನ್ರೋಲ್‌ಮೆಂಟ್‌ಗೆ ವಕೀಲರ ಕಾಯ್ದೆಯಲ್ಲಿರೋ 750 ರೂಪಾಯಿಗಿಂತ, ಎಸ್‌ಸಿ ಎಸ್‌ಟಿಯವ್ರಿಗೆ 125ಕ್ಕಿಂತ ಜಾಸ್ತಿ ತಗೊಳಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲೇ ಹೇಳಿದೆ. ಆಮೇಲೆ ಎಐಬಿಇ, ಅಂದ್ರೆ ಅಖಿಲ ಭಾರತ ಬಾರ್ ಪರೀಕ್ಷೆ, ಪಾಸ್ ಮಾಡ್ಬೇಕು. ಪೆನ್ಷನ್ ಬರೋದು ಏನೂ ಅಡ್ಡಿ ಇಲ್ಲ, ಆದ್ರೆ ಬ್ಯಾಂಕ್ ಗಾರ್ಡ್ ಥರ ಫುಲ್ ಟೈಮ್ ಸಂಬಳದ ಕೆಲಸ ಇದ್ರೆ ಬಿಟ್ಟೇ ಪ್ರಾಕ್ಟೀಸಿಗೆ ಬರ್ಬೇಕು.

ಎಲ್ಲಾ ಕೇಸೂ ಫ್ರೀ ಮಾಡ್ತೀನಿ ಅಂತ ಹೊರಡ್ಬೇಡಿ, ಆರು ತಿಂಗಳಿಗೆ ಸುಸ್ತಾಗಿ ಯಾರಿಗೂ ಆಗದೆ ಹೋಗ್ತೀರಾ. ಕೊಡೋ ಶಕ್ತಿ ಇರೋರ ಹತ್ರ ಫೀಸ್ ತಗೊಳಿ. ಮೂರು ವರ್ಷ ಪ್ರಾಕ್ಟೀಸ್ ಆದ್ಮೇಲೆ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ಗೆ, ಅಂದ್ರೆ ಅವ್ರ ಕೇಸ್ ನಡೆಸೋ ವಕೀಲರ ಪಟ್ಟಿಗೆ, ಅರ್ಜಿ ಹಾಕ್ಬೋದು. ಪೌತಿ ಖಾತೆಗೆ (ತೀರ್ಕೊಂಡೋರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡ್ಸೋದು) ಅಂತ ಬಂದೋರನ್ನ, ಅಣ್ಣತಮ್ಮಂದಿರಲ್ಲಿ ತಕರಾರಿಲ್ಲ ಅಂದ್ರೆ ನಾಡಕಚೇರಿಗೆ ಕಳಿಸಿ, ದಾವೆ ಹಾಕಿಸ್ಬೇಡಿ. ಜಗಳ ಇದ್ರೂ ಲೋಕ ಅದಾಲತ್‌ನಲ್ಲಿ ರಾಜಿ ಆದ್ರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರತ್ತೆ, ಮೇಲೆ ಅಪೀಲೂ ಇಲ್ಲ. ಅದನ್ನ ಬಾಯಿಬಿಟ್ಟು ಹೇಳಿ.

ಹೋದ ವರ್ಷ ಆಲೂರು ಕಡೆಯಿಂದ ಒಬ್ರು ಅಮ್ಮ ಬಂದಿದ್ರು, ಗಂಡನ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೆರಗಿನ ಕೆಳಗೆ ಹಿಡ್ಕೊಂಡಿದ್ರು. ಡಿಸ್ಚಾರ್ಜ್ ಬುಕ್ ತೆಗೆದು ಅವ್ರ ಯಜಮಾನ್ರ ಆರ್ಮಿ ನಂಬರ್ ಓದಿ, ಇಂಥಾ ರೆಜಿಮೆಂಟ್ ಅಲ್ವೇನಮ್ಮ ಅಂದೆ. ಅಷ್ಟೊತ್ತೂ ನಿಂತೇ ಇದ್ದೋರು ಆಗ ಕುರ್ಚಿ ಎಳ್ಕೊಂಡು ಕೂತ್ರು, ಮೊದಲಿಂದ ಹೇಳಕ್ಕೆ ಶುರು ಮಾಡಿದ್ರು.