ಜೆರ್ರಿಯನ್ನು ‘ಅದು’ ಎನ್ನಬೇಕೇ, ‘ಅವರು’ ಎನ್ನಬೇಕೇ?

ನಟ ಲೂಯಿಸ್ ಗೊಸೆಟ್ ಜೂನಿಯರ್ 2024ರ ಮಾರ್ಚ್ 29ರಂದು ತೀರಿಕೊಂಡ ಸುದ್ದಿ ಓದಿದಾಗ ನಾವು ನಾಲ್ವರು ಗೆಳೆಯರಿಗೆ ಮೊದಲು ನೆನಪಾದದ್ದು ಅವರಿಗೆ ಆಸ್ಕರ್ ತಂದುಕೊಟ್ಟ ಚಿತ್ರವಲ್ಲ. ಅವರ ಮುಖದ ಒಂದು ಗೆರೆಯೂ ಕಾಣದಂತೆ ಹಲ್ಲಿಯ ಚರ್ಮ ಹೊದಿಸಿ ನಿಲ್ಲಿಸಿದ್ದ 1985ರ ‘ಎನಿಮಿ ಮೈನ್’. ಕಲಬುರಗಿ ಇನ್ನೂ ಗುಲ್ಬರ್ಗಾ ಆಗಿದ್ದ ಕಾಲದಲ್ಲಿ, ಕಾಲೇಜಿನ ಹುಡುಗರಾಗಿದ್ದ ನಾವು ಬಾಡಿಗೆಗೆ ವಿಡಿಯೋ ಕ್ಯಾಸೆಟ್ ಹಾಕುವ ವಿಸಿಪಿ ತಂದು, ಸವೆದು ಗೆರೆಗೆರೆಯಾಗಿದ್ದ ಕ್ಯಾಸೆಟ್ಟಿನಲ್ಲಿ ಅದನ್ನು ನೋಡಿದ್ದೆವು. ಇಂಗ್ಲಿಷ್ ಅರ್ಧಕ್ಕರ್ಧ ತಿಳಿದಿರಲಿಲ್ಲವಾದರೂ ಕಣ್ಣು ಒದ್ದೆಯಾದದ್ದನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದೆವು. ಈಗ ಮತ್ತೊಮ್ಮೆ ನೋಡುವುದಾದರೆ ಮನೆಮಂದಿಯೊಂದಿಗೇ ನೋಡಬೇಕು, ಅದಕ್ಕೆ ಕನ್ನಡದ ಅಡಿಬರಹ (ಸಬ್‌ಟೈಟಲ್) ಬೇಕು ಎಂದು ಠರಾಯಿಸಿದೆವು. ಡಿಟಿಪಿ ಮಾಡಿ ಹೊಟ್ಟೆ ಹೊರೆಯುವವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಕಥೆ ಸರಳವಾದದ್ದು. ಮನುಷ್ಯರಿಗೂ ಡ್ರ್ಯಾಕ್ ಎಂಬ ಸರೀಸೃಪ ಕುಲದವರಿಗೂ ಆಕಾಶದಲ್ಲಿ ಯುದ್ಧ ನಡೆದಿರುತ್ತದೆ. ಮನುಷ್ಯ ಪೈಲಟ್ ಡೇವಿಜ್ ಮತ್ತು ಡ್ರ್ಯಾಕ್ ಪೈಲಟ್ ಜೆರಿಬಾ ಶಿಗಾನ್ (ಡೇವಿಜ್‌ನ ಬಾಯಲ್ಲಿ ‘ಜೆರ್ರಿ’; ಗೊಸೆಟ್ ಮಾಡಿದ ಪಾತ್ರ) ಒಂದೇ ಬರಡು ಗ್ರಹದ ಮೇಲೆ ಬೀಳುತ್ತಾರೆ. ಮೊದಲು ಕೊಲ್ಲಲು ನೋಡುತ್ತಾರೆ, ಉಲ್ಕೆಗಳ ಮಳೆಯಲ್ಲಿ ಒಬ್ಬನಿಲ್ಲದೆ ಇನ್ನೊಬ್ಬ ಉಳಿಯಲಾರನೆಂದು ಅರಿವಾದ ಮೇಲೆ ಒಂದೇ ಸೂರಿನಡಿ ಬಾಳುತ್ತಾರೆ. ಡ್ರ್ಯಾಕ್‌ಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಜೆರ್ರಿ ಗರ್ಭ ಧರಿಸಿ, ಹೆರಿಗೆಯಲ್ಲಿ ಸತ್ತು, ಕೂಸನ್ನು ಡೇವಿಜ್‌ನ ಕೈಗೊಪ್ಪಿಸುತ್ತದೆ. ಬ್ಯಾರಿ ಲಾಂಗ್‌ಯಿಯರ್ 1979ರಲ್ಲಿ ಬರೆದ ಮೂಲ ನೀಳ್ಗತೆಗೆ ವೈಜ್ಞಾನಿಕ ಕಥೆಗಳ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ಚಿತ್ರದ ಹಣೆಬರಹ ಮಾತ್ರ ಬೇರೆಯಾಯಿತು. ಚಿತ್ರೀಕರಣದ ನಡುವೆ ನಿರ್ದೇಶಕರನ್ನು ಬದಲಿಸಿ, ಹೊಸದಾಗಿ ಬಂದ ವುಲ್ಫ್‌ಗ್ಯಾಂಗ್ ಪೀಟರ್ಸನ್ ಮ್ಯೂನಿಕ್‌ನ ಸ್ಟುಡಿಯೋದಲ್ಲಿ ಎಲ್ಲವನ್ನೂ ಮೊದಲಿನಿಂದ ತೆಗೆದರು. ಖರ್ಚು ದುಪ್ಪಟ್ಟಾಯಿತು, ಹಾಕಿದ ದುಡ್ಡು ಮರಳಲಿಲ್ಲ.

ಮೇಲಿನ ಪ್ಯಾರಾದಲ್ಲಿ ‘ಒಪ್ಪಿಸುತ್ತದೆ’ ಎಂದು ಬರೆದೆನಲ್ಲ, ನನ್ನ ತೊಡಕು ಶುರುವಾದದ್ದು ಅಲ್ಲಿಂದಲೇ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಲಿಂಗವಿಲ್ಲ, ಬಂದವರು ಯಾರಾದರೂ ಬಂದದ್ದು ಒಂದೇ. ಕನ್ನಡದಲ್ಲಿ ಬಂದ, ಬಂದಳು, ಬಂತು, ಬಂದರು ಎಂಬುದರಲ್ಲಿ ಒಂದನ್ನು ಆರಿಸದೆ ವಾಕ್ಯ ಮುಗಿಯುವುದೇ ಇಲ್ಲ. ಇಬ್ಬರೇ ಎದುರುಬದುರು ಕುಳಿತಾಗ ‘ನೀ’ ಎಂದು ಪಾರಾಗಬಹುದು. ಆದರೆ ಡೇವಿಜ್ ಜೆರ್ರಿಯ ಬಗ್ಗೆ ಮೂರನೆಯವರ ಮುಂದೆ ಮಾತಾಡಿದಾಗ, ತನ್ನಷ್ಟಕ್ಕೆ ತಾನೇ ಗೊಣಗಿಕೊಂಡಾಗ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಎರಡು ರಾತ್ರಿ ಇದನ್ನು ಹೊಯ್ದಾಡಿ, ಕೊನೆಗೆ ಈ ತೊಡಕನ್ನೇ ಕಥೆಯ ಕೆಲಸಕ್ಕೆ ಹಚ್ಚಿದೆ. ಮೊದಲ ಅರ್ಧ ಗಂಟೆಯಲ್ಲಿ ಡೇವಿಜ್‌ನ ಬಾಯಲ್ಲಿ ಜೆರ್ರಿ ‘ಅದು’: ಅದು ಅಲ್ಲೇ ಅದ, ಅದರ ಕುತ್ತಿಗಿ ಮುರೀತೀನಿ. ಸೂರು ಕಟ್ಟಿದ ಮೇಲೆ ‘ಅಂವ’. ಜೆರ್ರಿ ಸತ್ತ ನಂತರ, ಕೂಸಿಗೆ ಅದರ ಹೆತ್ತವರ ಕಥೆ ಹೇಳುವಾಗ ‘ಅವರು’. ಕನ್ನಡದ ಬಹುವಚನ ಗೌರವವನ್ನೂ ಕೊಡುತ್ತದೆ, ಲಿಂಗವನ್ನೂ ಮರೆಸುತ್ತದೆ. ಒಂದೇ ಅಕ್ಷರ ಬದಲಾಗದಿರುವ ಇಂಗ್ಲಿಷಿಗಿಂತ ಇಲ್ಲಿ ನಮ್ಮ ಭಾಷೆಯೇ ಚಿತ್ರಕ್ಕೆ ಹೆಚ್ಚು ಒಗ್ಗಿತೆಂದು ನನಗೆ ಈಗಲೂ ಅನಿಸುತ್ತದೆ.

ಯಾರು ಯಾವ ಕನ್ನಡ ಆಡಬೇಕು ಎಂಬುದು ಎರಡನೆಯ ಪ್ರಶ್ನೆ. ಗೆಳೆಯನೊಬ್ಬ, ಡೇವಿಜ್‌ಗೆ ಕನ್ನಡ ಕೊಟ್ಟು ಜೆರ್ರಿಗೆ ನಮ್ಮ ಊರಿನ ದಖನಿ ಉರ್ದು ಕೊಟ್ಟರೆ ಬಹಳ ಮಜಾ ಬರುತ್ತದೆ ಎಂದ. ನಾನು ಸಾಫ್ ಬೇಡವೆಂದೆ. ಬಂದೇನವಾಜ್ ದರ್ಗಾದ ಉರುಸಿಗೂ ಶರಣಬಸವೇಶ್ವರರ ತೇರಿಗೂ ಒಂದೇ ಜನ ಹೋಗುವ ಊರಿನಲ್ಲಿ, ಓಣಿಯ ಅರ್ಧ ಮಂದಿ ಮನೆಯಲ್ಲಿ ಆಡುವ ಮಾತನ್ನು ಹಲ್ಲಿಮೋರೆಯ ವೈರಿಯ ಬಾಯಿಗೆ ಹಾಕಿದರೆ, ಚಿತ್ರ ಯಾವುದನ್ನು ಕಳಚಲು ಹೊರಟಿದೆಯೋ ಅದನ್ನೇ ನಾನು ತಿರುಗಿ ತೊಡಿಸಿದಂತಾಗುತ್ತಿತ್ತು. ಬದಲಿಗೆ ಡೇವಿಜ್‌ಗೆ ಕಲಬುರಗಿಯ ಆಡುಮಾತನ್ನು ಕೊಟ್ಟು, ಹೊರಗಿನಿಂದ ಕಲಿಯುವ ಜೆರ್ರಿಗೆ ಪಠ್ಯಪುಸ್ತಕದ ಗ್ರಾಂಥಿಕ ಕನ್ನಡವನ್ನು ಕೊಟ್ಟೆ. ದಿನ ಕಳೆದಂತೆ ಜೆರ್ರಿಯ ವಾಕ್ಯಗಳಲ್ಲಿ ಒಂದೊಂದೇ ‘ಬ್ಯಾಡ’, ‘ಯಾಕಪಾ’ ನುಸುಳುತ್ತವೆ. ಡ್ರ್ಯಾಕ್ ಭಾಷೆ, ಅಂದರೆ ಗೊಸೆಟ್ ಗಂಟಲಲ್ಲಿ ನೀರು ಮುಕ್ಕಳಿಸಿದಂತೆ ಹೊರಡಿಸುವ ಆ ಸದ್ದು, ಅರ್ಥವಾಗದೆ ಇರಬೇಕಾದಲ್ಲಿ ಪರದೆಯ ತಳವನ್ನು ಖಾಲಿ ಬಿಟ್ಟೆ.

ಡ್ರ್ಯಾಕ್‌ಗಳ ಧರ್ಮಗ್ರಂಥವನ್ನು ಡೇವಿಜ್ ಓದಿ, ಕೇಡು ಮಾಡಿದವನಿಗೂ ಪ್ರೀತಿ ಕೊಡು ಎಂಬ ಮಾತನ್ನು ಕಂಡು, ಇದನ್ನು ನಮ್ಮವರಲ್ಲೂ ಕೇಳಿದ್ದೇನೆ ಎನ್ನುವ ಒಂದು ದೃಶ್ಯವಿದೆ. ಸತ್ಯ ಸತ್ಯವೇ ತಾನೆ ಎಂದು ಜೆರ್ರಿ ಉತ್ತರಿಸುತ್ತದೆ. ಬಸವಕಲ್ಯಾಣ ಇಲ್ಲಿಂದ ದೂರವಲ್ಲ. ಆ ಜಾಗದಲ್ಲಿ ಎಲ್ಲರಿಗೂ ಬಾಯಿಪಾಠವಿರುವ ವಚನವೊಂದನ್ನು ಇಡಲು ಕೈ ತುರಿಸಿತು, ಟೈಪು ಮಾಡಿಯೂ ಇದ್ದೆ. ಮರುದಿನ ಅಳಿಸಿದೆ. ಆ ಪುಸ್ತಕ ನಮ್ಮದಲ್ಲದಿದ್ದರೆ ಮಾತ್ರ ‘ನಮ್ಮಲ್ಲೂ ಅದ’ ಎಂಬುದಕ್ಕೆ ಬೆಲೆ. ಜೆರ್ರಿಯ ಉತ್ತರವನ್ನು ‘ಖರೇ ಅನ್ನೋದು ಎಲ್ಲಿದ್ರೂ ಖರೇನ’ ಎಂದು ಬರೆದೆ. ಜೆರ್ರಿ ಪೂರ್ತಿ ನಮ್ಮ ಮಾತಿನಲ್ಲಿ ಆಡುವ ಮೊದಲ ವಾಕ್ಯ ಅದೇ.

ಅತಿ ಹೆಚ್ಚು ಜಗಳವಾದದ್ದು ಕೂಸಿನ ಒಂದೇ ಪದಕ್ಕೆ. ಜಾಮಿಸ್ ಎಂಬ ಆ ಮಗು ಡೇವಿಜ್‌ನನ್ನು ‘ಅಂಕಲ್’ ಎನ್ನುತ್ತದೆ. ಇಂಗ್ಲಿಷಿನವರಿಗೆ ಅಷ್ಟಕ್ಕೆ ಮುಗಿಯಿತು. ನಮ್ಮಲ್ಲಿ ತಂದೆಯ ಕಡೆಯವನಾದರೆ ಕಾಕಾ, ತಾಯಿಯ ಕಡೆಯವನಾದರೆ ಮಾಮಾ; ತಂದೆಯೂ ತಾಯಿಯೂ ಒಂದೇ ಜೀವವಾದರೆ ಏನೆಂದು ಕರೆಯುವುದು? ಯುದ್ಧ ಮಾಡಿದ ಇಬ್ಬರು ಅಣ್ಣತಮ್ಮಂದಿರಂತಾದರು, ಆದ್ದರಿಂದ ಕಾಕಾ ಎಂದು ಇಬ್ಬರು ವಾದಿಸಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮ ಅವ್ವ ಕೈ ನಿಲ್ಲಿಸದೆ, “ಹಡದವರ ಕಡಿಂದ ಬಂದಾಂವ ಮಾಮಾನ ಆಗ್ತಾನ. ಕೂಸಿನ ಕಿವಿ ಚುಚ್ಚೂದಾದ್ರ ಯಾರ ತೊಡಿ ಮ್ಯಾಲ ಕುಂದ್ರಸ್ತೀರಿ?” ಎಂದಳು. ಮಾಮಾ ಎಂದೇ ಆಯಿತು. ಡೇವಿಜ್‌ನ ಕೈಯಲ್ಲಿ ಹುಟ್ಟಿ ಬೆಳೆದ ಜಾಮಿಸ್‌ಗೆ ಗ್ರಾಂಥಿಕದ ಸೋಂಕೇ ಇಲ್ಲದ ಅಪ್ಪಟ ನಮ್ಮ ಮಾತನ್ನು ಕೊಟ್ಟೆ. ಮೂರು ಬೆರಳಿನ ತನ್ನ ಕೈಯನ್ನೂ ಮಾಮಾನ ಐದು ಬೆರಳಿನ ಕೈಯನ್ನೂ ಅದು ಹೋಲಿಸಿ ನೋಡುವಾಗ, ಆ ಮಾತಿನಿಂದಾಗಿಯೇ ದೃಶ್ಯ ಇನ್ನಷ್ಟು ಚುಚ್ಚುತ್ತದೆ.

ತಾಂತ್ರಿಕ ಭಾಗವನ್ನು ಮಾಡಹೊರಟವರಿಗಾಗಿ ಚುಟುಕಾಗಿ ಹೇಳುತ್ತೇನೆ. ಹಳೆಯ ರೂಢಿಯಂತೆ ಮೊದಲ ನೂರು ಸಾಲುಗಳನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಹೊಡೆದುಬಿಟ್ಟೆ, ಪರದೆಯ ಮೇಲೆ ಬರೀ ಇಂಗ್ಲಿಷ್ ಕಸ ಬಂತು. ಯೂನಿಕೋಡಿನಲ್ಲಿಯೇ ಬರೆದು ಯುಟಿಎಫ್-8 ಆಗಿ ಉಳಿಸಬೇಕು, ಇಲ್ಲವಾದರೆ ದುಡಿಮೆ ದಂಡ. ಎಸ್‌ಆರ್‌ಟಿ ಎಂಬ ಅಡಿಬರಹದ ಕಡತ ಬರೀ ಪಠ್ಯವೇ: ಸಾಲಿನ ಅಂಕಿ, ಶುರುವಾಗುವ ಮತ್ತು ಮುಗಿಯುವ ಸಮಯ, ಮಾತು. ನಮ್ಮ ಪದಗಳು ಉದ್ದವಾದ್ದರಿಂದ ಮೊದಲ ಕರಡು ಓದಿ ಮುಗಿಯುವ ಮುನ್ನವೇ ಮಾಯವಾಗುತ್ತಿತ್ತು. ಎರಡು ಸಾಲಿಗಿಂತ ಹೆಚ್ಚು ಬೇಡ, ನಿಧಾನವಾಗಿ ಓದುವವರನ್ನು ಕೂರಿಸಿಕೊಂಡು ಪರೀಕ್ಷಿಸಿ, ಸಾಲದಿದ್ದರೆ ಮಾತನ್ನೇ ಕಡಿಯಿರಿ. ನಾನು ಸಮಯ ಹೊಂದಿಸಿದ್ದು ಸೆಕೆಂಡಿಗೆ 25 ಚೌಕಟ್ಟಿನ (ಫ್ರೇಮ್) ಡಿವಿಡಿಗೆ, ಗೆಳೆಯ ತಂದದ್ದು 24ರದ್ದು. ಒಂದು ಗಂಟೆ 48 ನಿಮಿಷದ ಚಿತ್ರ 25ರಲ್ಲಿ ನಾಲ್ಕು ನಿಮಿಷ ಬೇಗ ಮುಗಿಯುತ್ತದೆ. ಹೀಗಾಗಿ ಪರೀಕ್ಷೆಯ ದಿನ, ಜೆರ್ರಿ ಇನ್ನೂ ಮಾತಾಡುತ್ತಿರುವಾಗಲೇ ಅದರ ಸಾವಿನ ಮಾತು ಕೆಳಗೆ ಬಂದುಹೋಯಿತು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಚೌಕಟ್ಟಿನ ವೇಗ ಬದಲಿಸಿದರೆ ಎಲ್ಲವೂ ಒಮ್ಮೆಗೇ ಸರಿಯಾಗುತ್ತದೆ.

ಮೇ ತಿಂಗಳ ಒಂದು ರಾತ್ರಿ ನಮ್ಮ ಮಾಳಿಗೆಯ ಮೇಲೆ, ಪರದೆಯಾಗಿ ಬಿಳಿ ಪಂಚೆ ಕಟ್ಟಿ ನೋಡಿದೆವು. ಸುಡು ಹಗಲಿನ ಕಾವು ಶಹಾಬಾದ ಕಲ್ಲಿನಿಂದ ಇನ್ನೂ ಏಳುತ್ತಿತ್ತು. ನೀರು ಚಿಮುಕಿಸಿ ಚಾಪೆ ಹಾಸಿದೆವು. ಗೆಳೆಯನ ತಂದೆ, ಎಪ್ಪತ್ತು ದಾಟಿದ ಒಕ್ಕಲಿಗರು, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಲೇ ಇದ್ದರು. ಮೊದಲು ಕಿರಿಕಿರಿಯಾಯಿತು, ಆಮೇಲೆ ಓದಲು ಬಾರದ ಇಬ್ಬರು ಮುದುಕಿಯರು ಅದನ್ನೇ ಕೇಳಿ ಕಥೆ ಹಿಡಿಯುತ್ತಿದ್ದಾರೆಂದು ಗೊತ್ತಾಗಿ ಎಲ್ಲರೂ ಸುಮ್ಮನಾದೆವು. ‘ಅದು’ ಹೋಗಿ ‘ಅಂವ’ ಬಂದಾಗ ಅವರು ಒಂದು ಕ್ಷಣ ತಡೆದು, ಕನ್ನಡಕ ಸರಿಪಡಿಸಿಕೊಂಡು, ಆ ಸಾಲನ್ನು ಎರಡು ಸಲ ಓದಿದರು.

ಡ್ರ್ಯಾಕ್ ಮಗುವನ್ನು ಪವಿತ್ರ ಸಭೆಯ ಮುಂದೆ ನಿಲ್ಲಿಸಿ ಅದರ ವಂಶಾವಳಿಯನ್ನು ಹಾಡಿ ಹೇಳಬೇಕು. ಸಾಯುವ ಜೆರ್ರಿಗೆ ಡೇವಿಜ್ ಕೊಟ್ಟ ಮಾತು ಅದು. ಆ ಭಾಗಕ್ಕೆ ನಾನು, ಚಿಕ್ಕಂದಿನಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಬಂದು, ಕಟ್ಟೆಯ ಮುಂದೆ ನಿಂತು ನಮ್ಮ ಮನೆತನದ ಹೆಸರುಗಳನ್ನು ಒಂದರ ಹಿಂದೊಂದು ಹೇಳುತ್ತಿದ್ದ ಹೆಳವನ ಧಾಟಿಯನ್ನು ಹಿಡಿದಿದ್ದೆ. ಜೆರಿಬಾ ಮನೆತನದ ಸಾಲಿಗೆ ಡೇವಿಜ್‌ನ ಹೆಸರೂ ಸೇರಿತೆಂಬ ಕೊನೆಯ ವಾಕ್ಯವನ್ನು ಮುದುಕರು ಅದೇ ಧಾಟಿಯಲ್ಲಿ, ಯಾರೂ ಹೇಳಿಕೊಡದೆಯೇ, ಎಳೆದು ಓದಿದರು. ಹೆಸರುಗಳ ಪಟ್ಟಿ ಮೇಲೇರತೊಡಗಿತು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ಕಡೆ ತಿರುಗಿ, “ಅಲ್ರೀ, ಅಲ್ಲಿ ಹೆಳವಗ ಜ್ವಾಳ ಯಾರ ಕೊಡ್ತಾರ?” ಎಂದು ಕೇಳಿದರು.